ಮಾಂಜ್ರಾದ ಬಂಗಾರ

ರಾತ್ರಿ ಹೊತ್ತು ಮಾಂಜ್ರಾ ಹೊಳೆಗೆ ಟ್ರ್ಯಾಕ್ಟರ್ ಇಳಿಯೋದು ಯಾಕೆ? ಬಂಗಾರಕ್ಕಂತೂ ಅಲ್ಲ, ಅದಕ್ಕೆ ರಾಯಚೂರು ಜಿಲ್ಲೆಯ ಹಟ್ಟಿಗೇ ಹೋಗಬೇಕು. ಬೀದರಿನ ನೆಲದಡಿ ಇರೋದು ಲಾವಾ ಹೆಪ್ಪುಗಟ್ಟಿದ ಕರಿಕಲ್ಲು, ಮೇಲೆ ಕೆಂಪು ಜಂಬಿಟ್ಟಿಗೆ. ಔರಾದ್, ಭಾಲ್ಕಿ ಕಡೆ ಮನೆ ಕಟ್ಟೋರಿಗೆ ಉಸುಕೇ ಬಂಗಾರ.

ಬೀಡ್ ಜಿಲ್ಲೆಯಲ್ಲಿ ಹುಟ್ಟಿ, ಲಾತೂರು, ಬೀದರ್ ದಾಟಿ, ತೆಲಂಗಾಣ ಹೊಕ್ಕು ಗೋದಾವರಿ ಸೇರೋ ಹೊಳೆ ಇದು. 1957ರ ಗಣಿ ಕಾಯ್ದೆಯಲ್ಲಿ ಉಸುಕು ಉಪಖನಿಜ; ನಿಯಮ ಮಾಡೋದು ಆಯಾ ರಾಜ್ಯ. ಹೊಳೆ ಒಂದು, ಪರ್ಮಿಟ್ ಮೂರು ಥರ!

ಬೆಳಿಗ್ಗೆ ರಸ್ತೆ ನೋಡಿ: ಟ್ರಾಲಿಯಿಂದ ಸೋರಿದ ನೀರಿನ ಗೆರೆ, ದಂಡೆಯಿಂದ ಊರತನಕ. ಉಸುಕು ಎತ್ತಿದಲ್ಲಿ ಆಳದ ಗುಂಡಿ. ಮಳೆಗಾಲದಲ್ಲಿ ನೀರು ತುಂಬಿದರೆ, ಎಮ್ಮೆ ಮೈ ತೊಳೆಯೋಕೆ ಇಳಿದವರಿಗೆ ಅದು ಕಾಣೋದೇ ಇಲ್ಲ.