ದೀಪದ ಸೃಷ್ಟಿ, ಸ್ಥಿತಿ, ಲಯ

ಯಾವ ವಸ್ತುವಿನ ಗುಣದೋಷವನ್ನೂ ಬೆಲೆಯೊಂದರಿಂದಲೇ ಅಳೆಯಲಾಗದು. ಅದರ ಸೃಷ್ಟಿ, ಸ್ಥಿತಿ, ಲಯಗಳು ಮೂರನ್ನೂ ವಿಚಾರಿಸತಕ್ಕದ್ದು. ಮನೆಯ ವಿದ್ಯುದ್ದೀಪವೇ ಇದಕ್ಕೆ ನಿದರ್ಶನ.

ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟಿನ ಹಳೆಯ ತಂತಿಯ ಬಲ್ಬು ವರ್ಷಕ್ಕೆ ಸುಮಾರು 110 ಯೂನಿಟ್ ವಿದ್ಯುತ್ತನ್ನು ನುಂಗುವುದು. ಅದರಲ್ಲಿ ಬಹುಭಾಗವು ಬರಿಯ ಶಾಖವಾಗಿ ಹೋಗುವುದು. ಇದು ಸ್ಥಿತಿಯ ದೋಷ. ಬಳಿಕ ಬಂದ ಸಿ.ಎಫ್.ಎಲ್. ದೀಪವು ವಿದ್ಯುತ್ತನ್ನು ಉಳಿಸಿತು. ಆದರೆ ಒಡೆದರೆ ಅದರೊಳಗಿನ ಪಾದರಸವು ಹೊರಬೀಳುವುದು. ಇದು ಲಯದ ದೋಷ. 9 ವ್ಯಾಟಿನ ಎಲ್.ಇ.ಡಿ. ದೀಪದಲ್ಲಿ ಪಾದರಸವಿಲ್ಲ, ಹೆಚ್ಚುಕಡಮೆ ಅಷ್ಟೇ ಬೆಳಕಿಗೆ ಸುಮಾರು 16 ಯೂನಿಟ್ ಸಾಕು.

ಆದರೂ ಬೆಳಕು ಕೊಡುವ ಭಾಗವು ಚೆನ್ನಾಗಿದ್ದಾಗಲೇ ಒಳಗಿನ ಸರ್ಕ್ಯೂಟು ಕೆಟ್ಟಿತೆಂದರೆ, ಬಿಚ್ಚಲಾಗದ ದೀಪವು ಇಡಿಯಾಗಿ ಕಸವಾಗುವುದು. ಅಂತ್ಯದ ಈ ನಷ್ಟವನ್ನು ತಪ್ಪಿಸುವ ಶಕ್ತಿಯು ಆದಿಯಲ್ಲಿ ರೂಪ ಕೊಡುವವನ ಕೈಯಲ್ಲಿದೆ. ಕೊಳ್ಳುವ ಗೃಹಸ್ಥನು “ಇದನ್ನು ಬಿಚ್ಚಿ ಸರಿಪಡಿಸಬಹುದೇ?” ಎಂದು ಕೇಳತೊಡಗಿದರೆ, ಮಾಡುವವನೂ ಆ ಬಗೆಗೆ ಯೋಚಿಸದಿರಲಾರನು.