ದುಡಿಮೆಯನ್ನು ನುಂಗುವ ಮದ್ಯ

ದಿನಕ್ಕೆ 500 ರೂ. ದುಡಿಯುವ ಕೂಲಿಕಾರನೊಬ್ಬ 150 ರೂ. ಕುಡಿತಕ್ಕೆ ಸುರಿಯುತ್ತಾನೆಂದುಕೊಳ್ಳಿ. ತಿಂಗಳಿಗೆ 25 ದಿನವೆಂದರೂ ವರ್ಷಕ್ಕೆ 45,000 ರೂ. ಆಯಿತು. ಮಗಳ ಪುಸ್ತಕ, ತಾಯಿಯ ಔಷಧಿ ಎಲ್ಲವೂ ಅದರಲ್ಲೇ ಮುಳುಗುತ್ತವೆ. ಶಾಲೆ ಬಿಟ್ಟ ಮಗ ಕೂಲಿಗೆ ಹೋಗುತ್ತಾನೆ. ಎಷ್ಟೋ ಸಲ ತಂದೆಯ ಚಟಕ್ಕೂ ವಾರಸುದಾರನಾಗುತ್ತಾನೆ.

ಇದರ ವಿರುದ್ಧ ಎದ್ದು ನಿಂತವರು ಹೆಂಗಸರು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಬಡ ಮಹಿಳೆಯರು, ಸಾರಾಯಿ ಅಂಗಡಿ ಮುಚ್ಚಿಸಿದ ಕಥೆಯನ್ನು ಪಾಠದಲ್ಲಿ ಓದಿದರು, ತಮ್ಮೂರಲ್ಲೂ ಮುಚ್ಚಿಸಿದರು. 1992ರಲ್ಲಿ ಅದು ದೊಡ್ಡ ಚಳವಳಿಯಾಯಿತು. 1993ರಲ್ಲಿ ಸಾರಾಯಿಗೂ 1995ರಲ್ಲಿ ಇತರ ಮದ್ಯಕ್ಕೂ ನಿಷೇಧ ಬಂತು. ಆದರೆ 1997ರಲ್ಲಿ ಸರಕಾರವೇ ಅದನ್ನು ಸಡಿಲಿಸಿತು.

ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಅಗ್ಗದ ವಿಸ್ಕಿ, ಬ್ರಾಂದಿ ಅದರ ಜಾಗ ಹಿಡಿದವು. 2023-24ರಲ್ಲಿ ರಾಜ್ಯದ ಅಬಕಾರಿ ಆದಾಯ 30,000 ಕೋಟಿ ರೂ. ದಾಟಿತು. ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಬೊಕ್ಕಸ ತುಂಬುತ್ತಿರುವುದು ಮಾತ್ರ ಬಡವನ ಜೇಬಿನಿಂದ!

ಕುಡುಕನನ್ನು ಶಪಿಸಿ ಪ್ರಯೋಜನವಿಲ್ಲ. ಮದ್ಯವ್ಯಸನಕ್ಕೆ ಚಿಕಿತ್ಸೆಯಿದೆ. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಆದ್ದರಿಂದ ವೈದ್ಯರ ನೆರವಿನಲ್ಲೇ ಬಿಡಿಸಬೇಕು. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446.

ಸಹೋದರಿಯರೇ, ಮದ್ಯ ನಮಗೆ ಹರಾಮ್ ತಾನೇ ಎಂದು ನಿಶ್ಚಿಂತರಾಗಿ ಕೂರಬೇಡಿ. ಮಗ ಸಂಜೆ ಯಾರ ಜೊತೆಗಿರುತ್ತಾನೆ, ಅವನ ಕೈಯಲ್ಲಿನ ಹಣ ಎಲ್ಲಿಂದ ಬಂತು ಎಂದು ಪ್ರೀತಿಯಿಂದ ವಿಚಾರಿಸಿ. ಕುಡುಕನ ಮನೆಯಲ್ಲಿ ಬೇಯುತ್ತಿರುವ ನೆರೆಯವಳು ಯಾವ ಧರ್ಮದವಳೇ ಆಗಿರಲಿ, ಅವಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳಿ.