ಹೆಸರು ನಮ್ಮದು, ಮರೆಯ ಖರ್ಚೇಕೆ?

ಸಂತೆಯಲ್ಲಿ ಅರ್ಧ ಕಿಲೋ ಬದನೆಕಾಯಿ ಕೊಳ್ಳಬೇಕಾದರೂ ನಾಲ್ಕು ಕಡೆ ವಿಚಾರಿಸಿ, ತಕ್ಕಡಿಯ ಮುಳ್ಳಿನ ಮೇಲೊಂದು ಕಣ್ಣಿಟ್ಟು, ಕೊನೆಗೆ ನಾಲ್ಕು ಎಸಳು ಕೊತ್ತಂಬರಿಯನ್ನೂ ಪುಕ್ಕಟೆ ಹಾಕಿಸಿಕೊಂಡು ಬರುವ ಜಾಣೆಯರು ನಾವು. ಅದೇ ನಾವು ಮೊಬೈಲಿನಲ್ಲಿ ಹಣ ಕಟ್ಟುವಾಗ ಮಾತ್ರ ತೋರಿಸಿದಲ್ಲಿ ಬೆರಳೊತ್ತಿ, ಬಂದ ಬಿಲ್ಲನ್ನು ತೆತ್ತು ಸುಮ್ಮನಾಗುತ್ತೇವೆ. ‘ಅದೆಲ್ಲಾ ನಮಗೇನ್ ತಿಳೀತೈತ್ರಿ?’ ಎಂಬ ಸಂಕೋಚ. ಈ ಸಂಕೋಚದ ಮೇಲೆಯೇ ಬದುಕುವ ಖರ್ಚುಗಳು ಕೆಲವಿವೆ. ಅಂಥ ಒಂದರ ವಿಚಾರ ಇಲ್ಲಿದೆ.

ಹಾನಗಲ್ ತಾಲ್ಲೂಕಿನ ಆಡೂರಿರಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿರಲಿ, ಹಾವೇರಿ ಸೀಮೆಯ ಹೆಣ್ಣುಮಕ್ಕಳ ಕೈಗುಣ ಎಲ್ಲರಿಗೂ ಗೊತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶಾವಿಗೆ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿಯ ಖಾರದಪುಡಿ! ಇವನ್ನು ಮನೆಯಲ್ಲೇ ಮಾಡಿ ಮಾರುವ ಗೃಹಿಣಿಯರು ಈಗ ಕಡಿಮೆಯಿಲ್ಲ. ಬೆಂಗಳೂರಿನ ನೆಂಟರು, ಪುಣೆಯ ಬೀಗರು ಫೋನ್ ಮಾಡಿ ತರಿಸಿಕೊಳ್ಳತೊಡಗಿದರೆ ಮುಂದಿನ ಹೆಜ್ಜೆ ಸ್ವಂತದ್ದೊಂದು ವೆಬ್‌ಸೈಟ್. ಅದಕ್ಕೊಂದು ಹೆಸರು ಬೇಕು. ಕೊನೆಯಲ್ಲಿ ‘ಡಾಟ್ ಕಾಮ್’ ಎಂದೋ ‘ಡಾಟ್ ಇನ್’ ಎಂದೋ ಬರುತ್ತದಲ್ಲ, ಅದೇ ಡೊಮೇನ್ ಹೆಸರು.

ಈ ಹೆಸರನ್ನು ಒಮ್ಮೆ ಕೊಂಡರೆ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಅದು ವರ್ಷ ವರ್ಷ ಬಾಡಿಗೆ ಕಟ್ಟುವ ಅಂಗಡಿ ಇದ್ದಂತೆ. ಬಾಡಿಗೆ ವಸೂಲು ಮಾಡಿ, ಹೆಸರನ್ನು ನಿಮ್ಮ ಲೆಕ್ಕಕ್ಕೆ ಬರೆದಿಡುವ ಕಂಪನಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಮೊದಲ ವರ್ಷ ನೂರಿನ್ನೂರು ರೂಪಾಯಿಗೆ ಕೊಟ್ಟು, ಎರಡನೆಯ ವರ್ಷ ಸಾವಿರದ ಮೇಲೆ ಬಿಲ್ಲು ಮಾಡುವವರೂ ಉಂಟು. ಆಗ ‘ಬೇರೆ ಕಂಪನಿಗೆ ಹೋಗೋಣ’ ಎನಿಸುವುದು ಸಹಜ. ಮರೆಯ ಖರ್ಚುಗಳು ಒಂದೊಂದಾಗಿ ತಲೆ ಎತ್ತುವುದೂ ಆಗಲೇ.

ಉತಾರ ಯಾರ ಹೆಸರಿನಲ್ಲಿದೆ?

ಹೊಲ ಕೊಳ್ಳುವ ಮುಂಚೆ ನಾವು ಕೇಳುವ ಮೊದಲ ಪ್ರಶ್ನೆ ಇದು. ಆಡೂರಿನವರಿಗಂತೂ ಇದು ಹೊಸದಲ್ಲ; ಬಾದಾಮಿ ಚಾಲುಕ್ಯರ ಕಾಲದಲ್ಲೇ ಅಲ್ಲಿ ಜಿನಾಲಯಕ್ಕೆ ಭೂಮಿ ಬಿಟ್ಟದ್ದನ್ನು ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ. ಡೊಮೇನಿಗೂ ಇಂಥ ಒಂದು ದಾಖಲೆ ಇರುತ್ತದೆ. ಅದರಲ್ಲಿ ಮಾಲೀಕರ ಜಾಗದಲ್ಲಿ ಯಾರ ಹೆಸರು, ಯಾರ ಇ-ಮೇಲ್, ಯಾರ ಫೋನ್ ನಂಬರ್ ಇದೆ ಎಂಬುದೇ ಮುಖ್ಯ.

ಕಂಪ್ಯೂಟರ್ ಅಂಗಡಿಯ ಹುಡುಗ ತನ್ನದೇ ಇ-ಮೇಲ್ ಕೊಟ್ಟು, ತನ್ನ ಖಾತೆಯಲ್ಲೇ ನಿಮ್ಮ ಹೆಸರನ್ನು ನೋಂದಾಯಿಸಿದ್ದರೆ, ಹಣ ಕೊಟ್ಟವರು ನೀವಾದರೂ ಕೀಲಿ ಅವನ ಕೈಯಲ್ಲಿ. ಆತ ಒಳ್ಳೆಯವನೇ ಇರಬಹುದು. ಆದರೆ ನಾಳೆ ಊರು ಬಿಟ್ಟುಹೋದರೆ? ಫೋನ್ ನಂಬರ್ ಬದಲಿಸಿದರೆ? ಐದಾರು ವರ್ಷ ಡಬ್ಬಿಯ ಮೇಲೆ, ಚೀಲದ ಮೇಲೆ ಅಚ್ಚು ಹಾಕಿಸಿದ ಹೆಸರೇ ಕೈತಪ್ಪುತ್ತದೆ. ಸ್ವಸಹಾಯ ಸಂಘಗಳಲ್ಲಿಯೂ ಇದೇ ತೊಡಕು. ಅಧ್ಯಕ್ಷೆ ಬದಲಾಗುತ್ತಾರೆ, ಡೊಮೇನ್ ಹಳೆಯ ಅಧ್ಯಕ್ಷೆಯ ಮಗನ ಇ-ಮೇಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಕಂಪನಿ ಬದಲಿಸುವ ಮಾತು ಆಮೇಲೆ. ಮೊದಲು ದಾಖಲೆಯನ್ನು ನಿಮ್ಮ ಹೆಸರಿಗೋ ಸಂಘದ ಹೆಸರಿಗೋ ಮಾಡಿಸಿಕೊಳ್ಳಿ. ಹೀಗೆ ತಿದ್ದಿಸಿದ ಮೇಲೆ ಕೆಲವೊಮ್ಮೆ 60 ದಿನ ವರ್ಗಾವಣೆಗೆ ತಡೆ ಬೀಳುತ್ತದೆ. ಅದಕ್ಕೇ ಈ ಕೆಲಸ ಬಿಡುವಿದ್ದಾಗಲೇ ಆಗಬೇಕು.

‘ಬಿಡಿಸಿಕೊಳ್ಳುವ’ ಹಣ

ಹಳೆಯ ಕಂಪನಿಯಿಂದ ಹೊಸ ಕಂಪನಿಗೆ ಹೋಗಲು ಒಂದು ಗುಪ್ತ ಸಂಕೇತ ಬೇಕು. ‘ಆಥ್ ಕೋಡ್’ ಅಥವಾ ‘ಇಪಿಪಿ ಕೋಡ್’ ಎನ್ನುತ್ತಾರೆ. ಅದನ್ನು ಕೇಳಿದಾಗ ಬರುವ ಉತ್ತರ ಹೀಗಿರಬಹುದು: “ಅಕ್ಕಾರ, ಬಿಡಿಸ್ಕೊಳ್ಳಾಕ ಎರಡ ಸಾವಿರ ಕೊಡಬೇಕಾಗತೈತ್ರಿ.”

ಕೊಡಲೇಬೇಕೇ? ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಮೊದಲಾದ ಹೆಸರುಗಳಿಗೆ ಜಗತ್ತಿಗೆಲ್ಲ ಒಂದೇ ನಿಯಮ ಮಾಡುವ ಸಂಸ್ಥೆ ಅಮೆರಿಕದ ‘ಐಕ್ಯಾನ್’, 1998ರಲ್ಲಿ ಸ್ಥಾಪನೆಯಾದದ್ದು. ಅದರ ನಿಯಮ ಸ್ಪಷ್ಟವಾಗಿದೆ. ರಿಜಿಸ್ಟ್ರಾರ್ ವರ್ಗಾವಣೆ ಶುಲ್ಕ ಎಂದು ಕೇಳಬಹುದು; ಆದರೆ ಆ ಶುಲ್ಕ ಕೊಡಲಿಲ್ಲವೆಂದು ವರ್ಗಾವಣೆಯನ್ನು ತಡೆಯುವಂತಿಲ್ಲ. ಮುಂದಿನ ವರ್ಷದ ಬಾಡಿಗೆ ಕಟ್ಟಿಲ್ಲವೆಂದು ತಡೆಯುವಂತೆಯೂ ಇಲ್ಲ. ನೀವು ಕೇಳಿದ 5 ದಿನಗಳೊಳಗೆ ಆ ಸಂಕೇತವನ್ನು ಕೊಡಬೇಕು, ಇಲ್ಲವೇ ನೀವೇ ನಿಮ್ಮ ಖಾತೆಯಿಂದ ತೆಗೆದುಕೊಳ್ಳುವ ಅನುಕೂಲ ಮಾಡಿಕೊಡಬೇಕು.

ಹಾಗೆಂದು ಎಲ್ಲಕ್ಕೂ ಜಗಳಕ್ಕೆ ನಿಲ್ಲಬೇಡಿ. ಹಿಂದಿನ ಬಾಕಿ ಇದ್ದರೆ ಅವರು ತಡೆಯಬಹುದು, ಅದು ನ್ಯಾಯವೇ. ಹೊಸದಾಗಿ ನೋಂದಾಯಿಸಿ 60 ದಿನ ಆಗಿರದಿದ್ದರೂ, ಒಮ್ಮೆ ವರ್ಗಾಯಿಸಿ 60 ದಿನ ಕಳೆದಿರದಿದ್ದರೂ ತಡೆಯಬಹುದು. ಅಂಗಡಿಯ ಹುಡುಗ ವೆಬ್‌ಸೈಟ್ ಮಾಡಿಕೊಟ್ಟ ಕೂಲಿ ಬಾಕಿಯಿದ್ದರೆ ಅದನ್ನೂ ತೀರಿಸಿಬಿಡಿ. ಕೂಲಿಯ ಲೆಕ್ಕ ಬೇರೆ, ಡೊಮೇನಿನ ಲೆಕ್ಕ ಬೇರೆ ಎಂದು ಚೀಟಿ ಬರೆಸಿಕೊಂಡರೆ ಮಾತು ಕೆಡುವುದಿಲ್ಲ.

ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಮ್ಮ ದೇಶದ್ದೇ ಸಂಸ್ಥೆ, ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಚಿಕ್ಕದಾಗಿ ‘ನಿಕ್ಸಿ’. ಅಲ್ಲಿನ ನಿಯಮಗಳನ್ನು ನಿಕ್ಸಿಯೇ ಮಾಡುತ್ತದೆ. ಆದ್ದರಿಂದ ನಿಮ್ಮದು ಡಾಟ್ ಇನ್ ಆಗಿದ್ದರೆ ವಿಚಾರಣೆ, ದೂರು ಎಲ್ಲ ಆ ಕಡೆಗೆ.

ಖರ್ಚು ಅಡಗುವ ಜಾಗಗಳು

ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಬಿಲ್ಲಿನ ಒಂದೊಂದೇ ಸಾಲನ್ನು ಆರಿಸಿ ನೋಡಬೇಕು.

ಮೊದಲನೆಯದು, ವರ್ಗಾವಣೆಯ ದರ. ಡಾಟ್ ಕಾಮ್ ಹೆಸರನ್ನು ಬದಲಿಸುವಾಗ ಹೊಸ ಕಂಪನಿಗೆ ಕೊಡುವ ಹಣದಲ್ಲೇ ಒಂದು ವರ್ಷದ ಬಾಡಿಗೆ ಸೇರಿರುತ್ತದೆ. ಹಳೆಯ ಕಡೆ ನಾಲ್ಕು ತಿಂಗಳು ಉಳಿದಿದ್ದರೆ ಹೊಸ ಕಡೆ ಹದಿನಾರು ತಿಂಗಳಾಗುತ್ತದೆ. ಉಳಿದ ದಿನಗಳು ನಷ್ಟವಾಗುವುದಿಲ್ಲ. ‘ವರ್ಗಾವಣೆಗೆ ಇಷ್ಟು, ಬಾಡಿಗೆಗೆ ಮತ್ತಷ್ಟು’ ಎಂದು ಎರಡು ಸಲ ಬರೆದಿದ್ದರೆ ಏಕೆಂದು ಕೇಳಿ.

ಎರಡನೆಯದು, ಮುಂದಿನ ವರ್ಷದ ದರ. ಇದೇ ನಿಜವಾದ ಬೆಲೆ. ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಾರುಗಳು ಮೇಲಿನವರಿಗೆ ಕಟ್ಟುವ ಸಗಟು ದರ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 10.26 ಡಾಲರ್ ಆಯಿತು. ಅದಕ್ಕಿಂತ ತೀರ ಕಡಿಮೆಗೆ ಕೊಡುತ್ತೇವೆನ್ನುವವರು ಇಂದಿನ ನಷ್ಟವನ್ನು ನಾಳೆ ಎಲ್ಲಿಂದ ತುಂಬಿಕೊಳ್ಳುತ್ತಾರೆ, ನೀವೇ ಯೋಚಿಸಿ.

ಮೂರನೆಯದು, ಕೇಳದೆ ಬುಟ್ಟಿಗೆ ಬಿದ್ದ ಸಾಮಾನು. ನಿಮ್ಮ ವಿಳಾಸವನ್ನು ಮರೆಮಾಡುವ ‘ಪ್ರೈವೆಸಿ’, ‘ಸೆಕ್ಯುರಿಟಿ’, ಇ-ಮೇಲ್ ಡಬ್ಬಿ ಎಂದು ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ಪ್ರೈವೆಸಿಯನ್ನು ಕೆಲವು ಕಂಪನಿಗಳು ಪುಕ್ಕಟೆ ಕೊಡುತ್ತವೆ, ಕೆಲವು ವರ್ಷವರ್ಷವೂ ಹಣ ಕೇಳುತ್ತವೆ. ಬೇಡವಾದುದರ ಟಿಕ್ ತೆಗೆದುಬಿಡಿ.

ನಾಲ್ಕನೆಯದು, ತೆರಿಗೆ ಮತ್ತು ಡಾಲರು. ಶೇಕಡಾ 18ರ ಜಿಎಸ್‌ಟಿ ಕೆಲವೆಡೆ ಕಟ್ಟಕಡೆಯ ಪುಟದಲ್ಲಷ್ಟೇ ಕಾಣಿಸುತ್ತದೆ. ದರ ಡಾಲರಿನಲ್ಲಿದ್ದರೆ ಕಾರ್ಡಿನ ಬ್ಯಾಂಕು ವಿದೇಶಿ ಹಣದ ಶುಲ್ಕವನ್ನೂ ಸೇರಿಸುವುದುಂಟು.

ಐದನೆಯದನ್ನು ಯಾರೂ ಹೇಳುವುದಿಲ್ಲ. ಹೆಸರು ಹೋದರೆ ವೆಬ್‌ಸೈಟೂ ಇ-ಮೇಲೂ ಅದರ ಹಿಂದೆ ಹೋಗುವುದಿಲ್ಲ! ಹಳೆಯ ಕಂಪನಿ ಅವನ್ನು ಡೊಮೇನಿನ ಜೊತೆ ಪುಕ್ಕಟೆ ಕೊಟ್ಟಿದ್ದರೆ ವರ್ಗಾವಣೆಯಾದೊಡನೆ ಅವು ನಿಂತುಹೋಗಬಹುದು. ನಿಂತ ಮೇಲೆ ಗಾಬರಿಯಲ್ಲಿ ಕೊಡುವ ಹಣವೇ ಎಲ್ಲಕ್ಕಿಂತ ದೊಡ್ಡ ಗುಪ್ತ ಖರ್ಚು. ಅವುಗಳ ಗತಿಯೇನೆಂದು ಮೊದಲೇ ಕೇಳಿಕೊಳ್ಳಿ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಉಪ್ಪಿನಕಾಯಿಗೆ ಹೊತ್ತು ಮೀರಿದ ಮಾವಿನಕಾಯಿ ಹೇಗೆ ಆಗದೋ, ವರ್ಗಾವಣೆಗೆ ಅವಧಿ ಮುಗಿದ ಡೊಮೇನೂ ಹಾಗೆಯೇ. ಅವಧಿ ಮುಗಿದ ಮೇಲೆ ಕೆಲವು ದಿನ ಹಳೆಯ ದರಕ್ಕೇ ಬಾಡಿಗೆ ಕಟ್ಟಲು ಅವಕಾಶವಿರಬಹುದು. ಅದೂ ದಾಟಿ ಹೆಸರನ್ನು ಅಳಿಸಿದರೆ ಡಾಟ್ ಕಾಮ್‌ಗೆ 30 ದಿನಗಳ ‘ರಿಡೆಂಪ್ಷನ್’ ಕಾಲ. ಆಗ ಹೆಸರನ್ನು ಹಿಂದಕ್ಕೆ ಪಡೆಯಲು ಬಾಡಿಗೆಯ ಹಲವು ಪಟ್ಟು ದಂಡ. ಆಮೇಲೆ 5 ದಿನ ಕಳೆದರೆ ಹೆಸರು ಯಾರ ಪಾಲಿಗಾದರೂ ಹೋಗಬಹುದು.

ಇನ್ನೊಂದು ಸೂಕ್ಷ್ಮವಿದೆ. ಅವಧಿ ಮುಗಿದ ಬಳಿಕ ಹಳೆಯ ಕಂಪನಿಯಲ್ಲಿ ಬಾಡಿಗೆ ಕಟ್ಟಿ, 45 ದಿನಗಳೊಳಗೇ ವರ್ಗಾಯಿಸಿದರೆ ಆ ಕಟ್ಟಿದ ವರ್ಷ ರದ್ದಾಗಿ, ಒಂದೇ ವರ್ಷಕ್ಕೆ ಎರಡು ಸಲ ಹಣ ಕೊಟ್ಟಂತಾಗಬಹುದು. ಅದಕ್ಕೇ ಅವಧಿಗೆ ಎರಡು ತಿಂಗಳ ಮುಂಚೆಯೇ ಕೆಲಸ ಶುರುಮಾಡುವುದು ಲೇಸು. ಅವಧಿಗೆ ಸುಮಾರು ಒಂದು ತಿಂಗಳ ಮುಂಚೆ ಮತ್ತು ಒಂದು ವಾರದ ಮುಂಚೆ ನೆನಪೋಲೆ ಕಳಿಸಬೇಕೆಂದು, ರಿಡೆಂಪ್ಷನ್ ದಂಡವೆಷ್ಟೆಂದು ಎಲ್ಲರಿಗೂ ಕಾಣುವಂತೆ ತಿಳಿಸಬೇಕೆಂದು ಐಕ್ಯಾನ್ ನಿಯಮವಿದೆ. ಆದರೆ ಆ ಓಲೆ ಹೋಗುವುದು ದಾಖಲೆಯಲ್ಲಿರುವ ಇ-ಮೇಲಿಗೆ. ಉತಾರದ ಮಾತು ಮತ್ತೆ ಬಂತು ನೋಡಿ!

ಬಿಲ್ಲಿನ ವೇಷದಲ್ಲಿ ಬಂದ ಪತ್ರ

ಕಲಿತವರ ದೇಶದಲ್ಲೂ ಇದರಲ್ಲಿ ಜನ ಮೋಸಹೋಗಿದ್ದಾರೆ. ‘ಡೊಮೇನ್ ರಿಜಿಸ್ಟ್ರಿ ಆಫ್ ಅಮೆರಿಕ’ ಎಂಬ ಕಂಪನಿ ಸಾವಿರಾರು ಜನರಿಗೆ ‘ನಿಮ್ಮ ಡೊಮೇನ್ ಅವಧಿ ಮುಗಿಯುತ್ತಿದೆ’ ಎಂದು ಬಿಲ್ಲಿನಂಥ ಪತ್ರ ಕಳಿಸುತ್ತಿತ್ತು. ತಮ್ಮದೇ ಕಂಪನಿಯ ಬಿಲ್ಲೆಂದು ತಿಳಿದು ಹಣ ಕಟ್ಟಿದವರ ಹೆಸರು ಸದ್ದಿಲ್ಲದೆ ಈ ಕಂಪನಿಗೆ ವರ್ಗವಾಗುತ್ತಿತ್ತು. ವರ್ಗಾವಣೆ ಆಗದೆಹೋದರೂ ಒಂದು ಶುಲ್ಕ ಹಿಡಿಯುತ್ತೇವೆಂಬುದನ್ನು ಅದು ಮುಚ್ಚಿಟ್ಟಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2003ರ ಡಿಸೆಂಬರಿನಲ್ಲಿ ಆದ ಇತ್ಯರ್ಥದಲ್ಲಿ, ಸುಮಾರು 50,000 ಗ್ರಾಹಕರವರೆಗೆ ಪರಿಹಾರ ಕೊಡುವ ಏರ್ಪಾಡಾಯಿತು.

ಇಂಥ ಪತ್ರ ಇಂದು ಇ-ಮೇಲಿನಲ್ಲೂ ವಾಟ್ಸಾಪಿನಲ್ಲೂ ಬರಬಹುದು. ಅದರಲ್ಲಿರುವ ಕೊಂಡಿ ಒತ್ತಬೇಡಿ. ನೀವೇ ನಿಮ್ಮ ಕಂಪನಿಯ ಖಾತೆಗೆ ಹೋಗಿ ತಾರೀಖು ನೋಡಿ.

ದೂರು ಎಲ್ಲಿ ಕೊಡಬೇಕು?

ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ, ಆನ್‌ಲೈನ್ ವ್ಯಾಪಾರದ 13 ಬಗೆಯ ಕಪಟಗಳನ್ನು ಹೆಸರಿಸಿದೆ. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಏರಿಸುವುದು, ಕೇಳದ ಸಾಮಾನನ್ನು ಬುಟ್ಟಿಗೆ ನುಸುಳಿಸುವುದು, ಬಿಡಲಾಗದಂತೆ ಚಂದಾದಲ್ಲಿ ಸಿಕ್ಕಿಸುವುದು ಎಲ್ಲವೂ ಅದರಲ್ಲಿವೆ. ಆದ್ದರಿಂದ ನಿಮ್ಮ ದೂರು ಸಣ್ಣದೆಂದು ನಾಚಬೇಡಿ.

ಮೊದಲು ಕಂಪನಿಗೇ ಬರೆದು ಕೇಳಿ. ಫೋನಿನ ಮಾತಿಗೆ ಸಾಕ್ಷಿಯಿರುವುದಿಲ್ಲ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಡಾಟ್ ಕಾಮ್ ವರ್ಗಾವಣೆಯನ್ನು ತಡೆದರೆ ಐಕ್ಯಾನ್‌ಗೂ ಪುಕ್ಕಟೆ ದೂರು ಕೊಡಬಹುದು. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯಿದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಡೂರಿನವರು ಹಾವೇರಿಗೆ ಹೋದರೆ ಸಾಕು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ‘ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ’ ಎಂದು ಕಂಪನಿ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ನಡೆಸುವ ಉದ್ಯೋಗಕ್ಕೆ ಕಾಯಿದೆಯಲ್ಲೇ ರಕ್ಷಣೆಯಿದೆ ಎಂದು ಉತ್ತರ ಕೊಡಿ.

ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ

1. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇ-ಮೇಲ್ ಮತ್ತು ಫೋನಿನಲ್ಲಿ ಇರಲಿ.

2. ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ತಿಂಗಳ ಮುಂಚಿನ ದಿನಕ್ಕೆ ಕೆಂಪು ಗುರುತು ಹಾಕಿ.

3. ಹೊಸ ಕಂಪನಿಯಲ್ಲಿ ನಾಲ್ಕು ಕೇಳಿ: ವರ್ಗಾವಣೆಗೆ ತೆರಿಗೆ ಸೇರಿ ಎಷ್ಟು? ಮುಂದಿನ ವರ್ಷಕ್ಕೆ ಎಷ್ಟು? ಪ್ರೈವೆಸಿಗೆ ಎಷ್ಟು? ಮತ್ತೆ ಬಿಟ್ಟುಹೋಗಬೇಕೆಂದರೆ ಎಷ್ಟು?

4. ವೆಬ್‌ಸೈಟ್ ಮತ್ತು ಇ-ಮೇಲಿನ ಏರ್ಪಾಡು ಮೊದಲು, ವರ್ಗಾವಣೆ ಆಮೇಲೆ.

5. ಆಥ್ ಕೋಡನ್ನು ಓಟಿಪಿಯಂತೆಯೇ ಕಾಪಾಡಿ. ಹೊಸ ಕಂಪನಿಯ ಪುಟದಲ್ಲಲ್ಲದೆ ಬೇರೆಲ್ಲೂ ಕೊಡಬೇಡಿ.

6. ವರ್ಗಾವಣೆ ಪೂರ್ತಿಯಾದ ಮೇಲೆ ಹಳೆಯ ಕಂಪನಿಗೆ ತಾನಾಗಿ ಹಣ ಹೋಗುವ ಏರ್ಪಾಡನ್ನು ರದ್ದುಮಾಡಿ. ಮುಂಚೆಯೇ ರದ್ದುಮಾಡಿದರೆ, ಕೆಲಸ ನಡುವೆ ನಿಂತಾಗ ಹೆಸರೇ ಹೋದೀತು.

7. ಬಿಲ್ಲು, ಉತ್ತರ, ರಶೀದಿ ಎಲ್ಲದರ ಪ್ರತಿ ತೆಗೆದಿಡಿ.

ಖಾರದಪುಡಿ ಮುಗಿದರೆ ಮತ್ತೆ ಕುಟ್ಟಬಹುದು, ರೊಟ್ಟಿ ತೀರಿದರೆ ಮತ್ತೆ ಬಡಿಯಬಹುದು. ಹತ್ತು ಊರಿನ ಗಿರಾಕಿಗಳು ನೆನಪಿಟ್ಟುಕೊಂಡ ಹೆಸರನ್ನು ಮತ್ತೆ ಗಳಿಸುವುದಕ್ಕೆ ಮಾತ್ರ ವರ್ಷಗಳೇ ಬೇಕು. ತಕ್ಕಡಿಯ ಮುಳ್ಳು ನೋಡುವ ಕಣ್ಣೇ ಇಲ್ಲಿಗೂ ಸಾಕು, ಹೊಸ ವಿದ್ಯೆಯೇನೂ ಬೇಕಾಗಿಲ್ಲ. ‘ಇದು ಯಾಕ್ರಿ? ಇಷ್ಟ್ಯಾಕ್ರಿ?’ ಎಂದು ಕೇಳಲು ಹಿಂಜರಿಯದಿದ್ದರೆ ಅರ್ಧ ಖರ್ಚು ಅಲ್ಲೇ ಉಳಿಯಿತೆಂದು ತಿಳಿಯಿರಿ.